ಗಾಯದ ಹಂದಿ, ಗುರುವಿನ ಉಪವಾಸ

ಬೇಟೆಗೆ ಕಾನೂನಿನ ತಡೆ ಇಲ್ಲದಿದ್ದ ಕಾಲ. ಹೊಳೆಯ ದಡದ ಗುಡಿಸಲಲ್ಲಿ ಜವರಯ್ಯನೆಂಬ ಮುದುಕ ಕೋವಿ ಹಿಡಿಯುವ ವಿದ್ಯೆ ಕಲಿಸುತ್ತಿದ್ದ. ಬೆಳೆಗೆ ಬೀಳುವ ಕಾಡುಪ್ರಾಣಿಗಳ ಕಾಟ ತಡೆಯಲು ಸುತ್ತಿನ ಊರುಗಳಿಗೆಲ್ಲ ಅವನೇ ದಿಕ್ಕು.

ಚೆಲುವ ಎಂಬುವನು ಅವನಲ್ಲಿ ಶಿಷ್ಯನಾಗಿ ಬಂದ. ಬಂದವನ ಕಣ್ಣು ಗೋಡೆಗೆ ತೂಗುಹಾಕಿದ್ದ ದೊಡ್ಡ ರೈಫಲ್ಲಿನ ಮೇಲೇ ನೆಟ್ಟಿತು.

“ಅಯ್ಯಾ, ಇದೊಂದನ್ನ ಕಲ್ಸಿ, ಸಾಕು. ಕಾಡುಕೋಣನ್ನೇ ಬೀಳ್ಸೋ ಕೋವಿಗೆ ಮಿಕ್ಕಿದ್ದೆಲ್ಲ ಯಾವ ಲೆಕ್ಕ?”

ಜವರಯ್ಯ ವಾದ ಮಾಡಲಿಲ್ಲ. ರೈಫಲ್ ಇಳಿಸಿ ಕೊಟ್ಟ.

“ಮಧ್ಯಾಹ್ನದ ಸಾರಿಗೆ ಒಂದು ಕಾಡುಕೋಳಿ ಹೊಡ್ಕಂಡ್ ಬಾ.”

ಚೆಲುವನ ಗುರಿ ತಪ್ಪಲಿಲ್ಲ. ಆದರೆ ಅವನು ತಂದದ್ದು ಎರಡು ಕಾಲು, ಒಂದು ಹಿಡಿ ಪುಕ್ಕ. ಉಳಿದ ಕೋಳಿ ಎಲ್ಲಿ ಹೋಯಿತೆಂದು ಆ ರೈಫಲ್ಲನ್ನೇ ಕೇಳಬೇಕು.

ಗುರು ತಟ್ಟೆಗೆ ಮುದ್ದೆ ಹಾಕಿ, ಪಕ್ಕದಲ್ಲಿ ಪುಕ್ಕ ಬಡಿಸಿದ.

“ಉಣ್ಣು.”

ಅಂದು ಚೆಲುವ ಬರೀ ಮುದ್ದೆ ನುಂಗಿದ. ಮರುದಿನದಿಂದ ತೆಪ್ಪಗೆ ಕಲಿತ. ಹಕ್ಕಿಗೆ ಸಣ್ಣ ಚರೆಯ, ಅಂದರೆ ಸಾಸಿವೆಯಂಥ ಸೀಸದ ಕಾಳಿನ ತೋಟಾ. ಮೊಲಕ್ಕೆ ಸ್ವಲ್ಪ ದಪ್ಪ ಚರೆ, ಕಾಡುಕುರಿಗೆ ಅದಕ್ಕಿಂತ ದಪ್ಪನೆಯದು. ಹಂದಿಯಾದರೆ ಒಂಟಿಗುಂಡಿನ ತೋಟಾ. ರೈಫಲ್ ಏನಿದ್ದರೂ ಕಡವೆಗೆ, ಕಾಡುಕೋಣಕ್ಕೆ.

ಕಲಿತಂತೆಲ್ಲ ಕೈ ಕುದುರಿತು. ಜೊತೆಗೆ ತಲೆಯೂ ಸ್ವಲ್ಪ ತಿರುಗಿತು.

ಒಂದು ಬೆಳಿಗ್ಗೆ ರಾಗಿ ಹೊಲದ ಅಂಚಿನಲ್ಲಿ ಒಂಟಿಹಂದಿ ಎದುರಾಯಿತು. ಕೋವಿಯಲ್ಲಿದ್ದದ್ದು ಮೊಲದ ಚರೆ. ಬಗಲ ಚೀಲದಲ್ಲಿ ಗುಂಡಿನ ತೋಟಾ ಇತ್ತು, ಬದಲಿಸಲು ಸಮಯವೂ ಇತ್ತು. ‘ಗುರಿ ನನ್ನದಾಗಿರುವಾಗ ತೋಟಾ ಯಾವುದಾದರೇನು?’ ಎಂದುಕೊಂಡವನೇ ಹೊಡೆದುಬಿಟ್ಟ.

ಹಂದಿ ಬೀಳಲಿಲ್ಲ. ರಕ್ತ ಸುರಿಸುತ್ತ ಓಡಿ, ಹೊಳೆದಾರಿಯ ಪಕ್ಕದ ಲಂಟಾನ ಪೊದೆಗೆ ನುಗ್ಗಿತು. ಗಾಯಗೊಂಡ ಒಂಟಿಹಂದಿ ಕೂತಿರುವ ಕಡೆ ಯಾರು ಕಾಲಿಟ್ಟಾರು? ದಾರಿಯಲ್ಲಿ ಜನರ ಓಡಾಟವೇ ನಿಂತುಹೋಯಿತು.

ಚೆಲುವ ಓಡಿಬಂದಾಗ ಗುರು ಊಟಕ್ಕೆ ಕೂತಿದ್ದ. ಚೆಲುವ ನಡೆದದ್ದನ್ನೆಲ್ಲ ಹೇಳಿದ. ತನ್ನ ಬಿಂಕವನ್ನೂ ಮುಚ್ಚಿಡಲಿಲ್ಲ.

ಜವರಯ್ಯ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿ ಕೈ ತೊಳೆದ.

“ಅಯ್ಯಾ, ತಪ್ಪು ಮಾಡ್ದೋನು ನಾನು. ನೀವ್ಯಾಕೆ ಊಟ ಬಿಡ್ತೀರಿ?”

“ಗಾಯದ ಪ್ರಾಣಿ ನರಳ್ತಿರೋಗಂಟ ಹೊಡೆದೋನ್ಗೂ ಅನ್ನ ಇಲ್ಲ, ಅವನ್ಗೆ ಕಲಿಸ್ದೋನ್ಗೂ ಇಲ್ಲ. ನನ್ ಗುರು ಹಾಕಿದ ಕಟ್ಟಳೆ ಇದು.”

ಸಂಜೆಯವರೆಗೂ ಚೆಲುವ ಪೊದೆಯ ಹೊರಗೆ ಕಾದ. ಹಂದಿ ಮಿಸುಕಲಿಲ್ಲ.

ಮರುದಿನ ಬೆಳಿಗ್ಗೆ ಜವರಯ್ಯ ಎದ್ದು ನಿಲ್ಲಲು ಗೋಡೆ ಹಿಡಿಯಬೇಕಾಯಿತು. ಅದನ್ನು ಕಂಡು ಚೆಲುವ ಓಡಿಹೋಗಿ ತೋಳು ಕೊಟ್ಟ. ತನ್ನ ಹಸಿವು ಅವನಿಗೆ ಮರೆತೇಹೋಗಿತ್ತು.

“ನಾನೇ ಪೊದೆ ಒಳಕ್ಕೆ ಹೋಯ್ತೀನಿ, ಅಯ್ಯಾ.”

ಗುರು ಕೋವಿಗಳನ್ನೆಲ್ಲ ಚಾಪೆಯ ಮೇಲಿಟ್ಟ.

“ಯಾವ್ದು?”

ಚೆಲುವನ ಕೈ ದೊಡ್ಡ ರೈಫಲ್ಲಿನ ಕಡೆ ಹೋಯಿತು. ಅಲ್ಲೇ ತಡೆಯಿತು. ಆಮೇಲೆ ಜೋಡುನಳಿಗೆಯ ಕೋವಿ ಎತ್ತಿಕೊಂಡು, ಎರಡು ನಳಿಗೆಗೂ ಒಂಟಿಗುಂಡಿನ ತೋಟಾ ತುಂಬಿದ.

“ರೈಫಲ್ ಯಾಕ್ ಬ್ಯಾಡ?”

“ಪೊದೆ ಆಚೆಗೆ ಊರದೆ. ರೈಫಲ್ ಗುಂಡು ತಪ್ಪಿದ್ರೆ ಹೊಳೆ ದಾಟ್ಕಂಡು ಯಾರ್ದಾರ ಜಗಲಿಗೇ ಹೋಯ್ತದೆ.”

“ಸರಿ. ಗುಂಡು ಎರಡ್ಯಾಕೆ? ನಿನ್ ಗುರಿ ತಪ್ಪಕಿಲ್ವಲ್ಲ!”

“ಅದ್ರ ಮೇಲೆ ನಂಗೆ ಅಷ್ಟು ನಂಬ್ಕೆ ಉಳಿದಿಲ್ಲ.”

ಮುದುಕ ಬೊಚ್ಚುಬಾಯಿ ತೆರೆದು ನಕ್ಕ. “ಈಗ ಹೋಗು.”

ಚೆಲುವ ಪೊದೆಯೊಳಗೆ ಬಗ್ಗಿ ನಡೆದ. ಎಲೆಗಳ ಮೇಲೆ ಹೆಪ್ಪುಗಟ್ಟಿದ ರಕ್ತದ ಜಾಡು ಹಿಡಿದು ಹೋಗುತ್ತಿದ್ದಂತೆ ಮುಂದೆ ಕಡ್ಡಿ ಮುರಿದ ಸದ್ದಾಯಿತು. ಹಂದಿ ಸೀದಾ ಅವನ ಮೇಲೆಯೇ ನುಗ್ಗಿತು.

ಓಡಬೇಕೆನಿಸಿತು. ಓಡಲಿಲ್ಲ. ಹೊಡೆದುಬಿಡಬೇಕೆನಿಸಿತು. ಅದಕ್ಕೂ ಅವಸರಪಡಲಿಲ್ಲ. ಕೋರೆಯ ಮೇಲಿನ ಮಣ್ಣು ಕಾಣುವಷ್ಟು ಹತ್ತಿರ ಬರಲಿ ಎಂದು ನಿಂತ.

ಢಂ!

ಹಂದಿ ಅವನ ಕಾಲ ಬುಡದಲ್ಲೇ ಕುಸಿಯಿತು. ಮತ್ತೆ ಅಲುಗಲಿಲ್ಲ. ಎರಡನೆಯ ಗುಂಡು ನಳಿಗೆಯಲ್ಲೇ ಉಳಿಯಿತು.

ಆಚೆ ದಡದಲ್ಲಿ ಉಸಿರು ಬಿಗಿಹಿಡಿದಿದ್ದ ಊರಿಗೆ ಊರೇ ಕೇಕೆ ಹಾಕಿತು. ಜನ ಸೊಂಟದುದ್ದದ ನೀರು ಹಾಯ್ದು ಬಂದರು. ತಮಟೆ ಬಂತು. ಚೆಲುವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅವನೋ ಕೊಸರಿಕೊಂಡು ಇಳಿದು ಗುಡಿಸಲಿಗೆ ಓಡಿದ.

ಬಾಗಿಲಲ್ಲೇ ನಿಂತಿದ್ದ ಗುರುವನ್ನು ಕೂರಿಸಿ, ಒಲೆ ಹೊತ್ತಿಸಿ, ಬಿಸಿ ಮುದ್ದೆ ತೊಳಸಿ ಬಡಿಸಿದ. ಜವರಯ್ಯ ಮೊದಲ ತುತ್ತು ನುಂಗಿದಾಗ ಚೆಲುವನ ಕಣ್ಣು ತುಂಬಿತು. ಹಂದಿ ಬಿದ್ದಾಗ ಆಗದಿದ್ದ ಸಂತೋಷ ಅವನಿಗೆ ಈಗ ಆಯಿತು. ಅವನು ಗೆದ್ದಿದ್ದ.

ಅಷ್ಟರಲ್ಲಿ ಊರಿನ ಹುಡುಗರೆಲ್ಲ ಬಾಗಿಲಿಗೆ ಮುತ್ತಿದರು.

“ಚೆಲುವಣ್ಣಾ, ನಮ್ಗೂ ಕಲ್ಸಣ್ಣಾ!”

ಚೆಲುವ ಗುರುವಿನ ಮುಖ ನೋಡಿದ. “ಏನ್ ಹೇಳ್ಲಿ, ಅಯ್ಯಾ? ಕಲಿಸ್ಬೋದಾ?”

ಜವರಯ್ಯ ಇನ್ನೊಂದು ತುತ್ತು ಮುರಿಯುತ್ತ ಹೇಳಿದ:

“ಧಾರಾಳವಾಗ್ ಕಲ್ಸು. ಯಾರ್ ಮಾಡೋ ತಪ್ಪಿಗೆ ನೀನು ಉಪಾಸ ಕೂರಕ್ಕೆ ಒಪ್ತೀಯೋ, ಅಂತೋನ್ನ ಆರಿಸ್ಕೊ.”