ಹೊಲಿದ ಹೊಟ್ಟೆಯ ಕೋಳಿ

ಮೊದಲು ಒಂದು ಒಗಟು.

ಒಲೆಗೆ ಹೋಗುವಾಗ ಹೊಟ್ಟೆ ಭರ್ತಿ. ಬೆಂದು ಬಂದು ಎಲೆ ಮೇಲೆ ಕೂತಾಗ ಹೊಟ್ಟೆ ಖಾಲಿ. ಹೊಟ್ಟೆಗೆ ಹಾಕಿದ ಹೊಲಿಗೆ ಮಾತ್ರ ಹಾಕಿದ ಹಾಗೇ ಇದೆ, ಒಂದು ಎಳೆಯೂ ಬಿಚ್ಚಿಲ್ಲ. ಒಳಗಿದ್ದದ್ದು ಎಲ್ಲಿ ಹೋಯ್ತು?

ಹೇಳಿ ನೋಡೋಣ. ಆಗಲ್ಲ ಬಿಡಿ. ಎಷ್ಟು ತಲೆ ಕೆರೆದುಕೊಂಡರೂ ಆಗಲ್ಲ. ಕಿರೀಟ ತೆಗೆದಿಟ್ಟು ಕೆರೆದುಕೊಂಡ ರಾಜನಿಗೇ ಆಗಲಿಲ್ಲ. ಸುಮ್ಮನೆ ಕೂತು ಕೇಳಿ.

ಹಂಚಿನಗಿರಿ ಅಂತ ಒಂದು ರಾಜ್ಯ. ಅಲ್ಲಿ ಮುದ್ದರಾಜ ಅಂತ ಒಬ್ಬ ರಾಜ. ಒಳ್ಳೆಯವನೇ. ಆದರೆ ತನ್ನ ಅರಮನೆಯ ಅಡುಗೆಮನೆ ಯಾವ ದಿಕ್ಕಿಗಿದೆ ಅಂತ ಅವನಿಗೆ ಗೊತ್ತಿರಲಿಲ್ಲ. ಅವನ ಎಲೆಗೆ ಎಲ್ಲವೂ ಸಣ್ಣಗೆ ತುಂಡಾಗಿಯೇ ಬರುತ್ತಿತ್ತು. ಕೋಳಿ ಅಂದರೆ ಸಾರಿನೊಳಗೆ ಮುಳುಗಿರುವ ತುಂಡು ಅಂತಲೇ ತಿಳಿದಿದ್ದ.

ಒಂದು ದಿನ ಅವನ ಮಗಳು ಪುಟ್ಟಗೌರಿ ಆಟ ಮುಗಿಸಿ ಓಡಿ ಬಂದಳು.

“ಅಪ್ಪಾಜಿ, ಅಡುಗೆ ಬೋರಮ್ಮನ ಮನೇಲಿ ಇವತ್ತು ಇಡೀ ಕೋಳಿ ಸುಟ್ಟಿದ್ರು! ನಡುವೆ ಇಟ್ಕೊಂಡು ಮನೆಯವರೆಲ್ಲ ಸುತ್ತ ಕೂತು ಕಿತ್ತು ಕಿತ್ತು ತಿಂದ್ರು!”

ರಾಜನ ಕಣ್ಣು ಅರಳಿತು. “ಇಡೀದಾ? ನಿಂತಿತ್ತಾ, ಮಲಗಿತ್ತಾ?”

“ಅಂಗಾತ ಮಲಗಿತ್ತು. ಕಾಲು ಮೇಲೆ. ಹೊಟ್ಟೆಯೊಳಗೆ ಇನ್ನೂ ಏನೇನೋ ಇತ್ತು!”

“ಕೋಳಿ ಹೊಟ್ಟೆಯೊಳಗೆ ಏನಿರುತ್ತೆ?”

ಮಗಳು ಹೇಳಲಿಲ್ಲ. ನೀವೇ ನೋಡಿ ಅಂದುಬಿಟ್ಟಳು. ರಾಜನಿಗೆ ಆವತ್ತು ಯಾವ ಕೆಲಸದ ಮೇಲೂ ಮನಸ್ಸು ನಿಲ್ಲಲಿಲ್ಲ. ಸಂಜೆಗೆ ಬೋರಮ್ಮನನ್ನು ಕರೆಸಿದ. “ಈ ಭಾನುವಾರ ನಮಗೂ ಒಂದು ಇಡೀ ಕೋಳಿ ಆಗಬೇಕು. ನಾನು, ನಮ್ಮವ್ವ, ರಾಣಿ, ಮಗಳು. ಮನೆಯವರು ಮಾತ್ರ ಕೂತು ತಿನ್ನಬೇಕು.”

“ಅದಕ್ಕೇನು ಬುದ್ಧಿ, ಮಾಡ್ತೀನಿ,” ಅಂದಳು ಬೋರಮ್ಮ.

ಭಾನುವಾರ ಬಂತು. ಬೋರಮ್ಮ ಒಂದು ಕೊಬ್ಬಿದ ಹುಂಜ ತಂದಳು. ಉಪ್ಪು, ಮೆಣಸು, ತುಪ್ಪ ಮೈಗೆ ಸವರಿದಳು. ಹುಂಜದ ಒಳಗಿನಿಂದ ತೆಗೆದ ಈಲಿ, ಈರುಳ್ಳಿ, ಕೊಬ್ಬರಿ, ಸಣ್ಣಕ್ಕಿ, ಎರಡು ಬೇಯಿಸಿದ ಮೊಟ್ಟೆ, ಎಲ್ಲವನ್ನೂ ಹುರಿದು ಹೊಟ್ಟೆಗೆ ತುಂಬಿದಳು. ಹಿಂದಿನಿಂದ ಬಾಳೆನಾರಲ್ಲಿ ಹೊಲಿದಳು. ದಪ್ಪ ಮಡಕೆಯಲ್ಲಿ ಕೂರಿಸಿ, ಬಾಯಿಗೆ ರಾಗಿಹಿಟ್ಟು ಮೆತ್ತಿ, ಕೆಳಗೆ ಕೆಂಡ, ಮೇಲೆ ಕೆಂಡ. ಮಧ್ಯಾಹ್ನದ ಹೊತ್ತಿಗೆ ಘಮ ಕೋಟೆ ಬಾಗಿಲು ದಾಟಿತು. ಕಾವಲುಗಾರರು ಈಟಿ ಹಿಡಿದುಕೊಂಡೇ ಜೊಲ್ಲು ನುಂಗಿದರು.

ಈಗ ಆ ಅರಮನೆಯ ಪದ್ಧತಿ ಒಂದು ಹೇಳಬೇಕು. ಅಡುಗೆಮನೆಗೂ ಊಟದ ಮನೆಗೂ ನಡುವೆ ಒಂದು ಕೋಣೆ. ಅಲ್ಲಿ ಗುರಿಕಾರ ಲಕ್ಕಪ್ಪ ಅಂತ ಒಬ್ಬ. ರಾಜನ ಊಟದಲ್ಲಿ ವಿಷ ಇದೆಯಾ ಇಲ್ಲವಾ ಅಂತ ನೋಡುವುದು ಅವನ ಕೆಲಸ. ಹೊಟ್ಟೆ ನಗಾರಿಯ ಹಾಗೆ. ಹಣೆಗೆ ಮೂರು ಬೆರಳಗಲ ವಿಭೂತಿ. “ನನಗೆ ವ್ರತ. ಮಾಂಸ ಮುಟ್ಟಲ್ಲ. ಮೂಗಿನಲ್ಲೇ ಪರೀಕ್ಷೆ ಮಾಡ್ತೀನಿ” ಅನ್ನುತ್ತಿದ್ದ. ದೃಷ್ಟಿ ಬೀಳಬಾರದು ಅಂತ ಬಾಗಿಲು ಹಾಕಿಕೊಳ್ಳುತ್ತಿದ್ದ. ಒಳಗೆ ಎಷ್ಟು ಹೊತ್ತು ಮೂಸುತ್ತಿದ್ದನೋ, ಊಟವಂತೂ ಆರಿಕೊಂಡೇ ಬರುತ್ತಿತ್ತು.

ಕೋಳಿ ಆ ಕೋಣೆಗೆ ಹೋಯಿತು. ಬಾಗಿಲು ಮುಚ್ಚಿತು. ಬಾಗಿಲು ತೆಗೆಯಿತು. ಕೋಳಿ ರಾಜನ ಮುಂದೆ ಬಂತು.

ರಾಜ ತಾನೇ ಹೊಲಿಗೆ ಬಿಚ್ಚಿದ. ಬಗ್ಗಿ ಇಣುಕಿದ. “ಖಾಲಿ!”

ರಾಜಮಾತೆಯೂ ಇಣುಕಿದಳು. “ನಿಜ ಕಣೋ. ಒಳಗೆ ಗಾಳಿ ಬಿಟ್ಟರೆ ಏನೂ ಇಲ್ಲ.”

ಗುರಿಕಾರ ಕೈಮುಗಿದ. “ಇಡೀದಾಗಿ ಸುಟ್ಟರೆ ಹಾಗೇ ಬುದ್ಧಿ. ಹೊಟ್ಟೆಯೊಳಗಿದ್ದದ್ದೆಲ್ಲ ಹಬೆಯಾಗಿ ಹೋಗುತ್ತೆ.”

“ಮೊಟ್ಟೇನೂ ಹಬೆಯಾಗುತ್ತಾ?” ಅಂತ ಪುಟ್ಟಗೌರಿ ಕೇಳಿದಳು.

ಎರಡನೇ ಭಾನುವಾರ ಬಂತು. ಮತ್ತೆ ಹುಂಜ, ಮತ್ತೆ ಮಡಕೆ, ಮತ್ತೆ ಕೆಂಡ. ಕೋಳಿ ಆ ಕೋಣೆಗೆ ಹೋಯಿತು. ಬಾಗಿಲು ಮುಚ್ಚಿತು. ಬಾಗಿಲು ತೆಗೆಯಿತು. ಈ ಸಲ ರಾಜ ಎದೆ ಮೇಲೆ ಬೆರಳಿಟ್ಟ. ಬೆರಳು ಪುಸಕ್ಕನೆ ಒಳಗೆ ಹೋಯಿತು. ಮೇಲೆ ಚರ್ಮ, ಕೆಳಗೆ ಮೂಳೆ, ನಡುವೆ ಇರಬೇಕಾದ್ದು ಅರ್ಧ ಇಲ್ಲ. ಹೊಲಿಗೆ ಹಾಕಿದ ಹಾಗೇ ಇದೆ.

ಈಗ ಹಬೆಯ ಕಥೆ ನಡೆಯುವ ಹಾಗಿರಲಿಲ್ಲ. ಗುರಿಕಾರ ಇನ್ನೊಂದು ಕಥೆ ತೆಗೆದ.

“ಹೇಳಬಾರದು ಅಂತಿದ್ದೆ ಬುದ್ಧಿ. ಬೋರಮ್ಮನೇ ಒಲೆ ಮುಂದೆ ಕೂತು ತಿಂದು, ಆಮೇಲೆ ಹೊಲಿದಿದ್ದಾಳೆ. ಹೊಲಿಗೆ ಅವಳದು. ಗಂಟು ಅವಳದು. ಇನ್ಯಾರು ತಿಂತಾರೆ?”

ಬೋರಮ್ಮ ಅಡುಗೆಮನೆಯಿಂದ ಓಡಿ ಬಂದಳು. “ದೇವರಾಣೆ ಬುದ್ಧಿ, ಒಂದು ಚೂರೂ ಬಾಯಿಗೆ ಹಾಕಿಲ್ಲ.”

ರಾಜನಿಗೆ ಹಸಿವು, ಹಸಿವಿನ ಮೇಲೆ ಸಿಟ್ಟು. “ಇನ್ನೊಂದು ಭಾನುವಾರ ನೋಡ್ತೀನಿ. ಆವತ್ತೂ ಖಾಲಿ ಬಂದರೆ ನೀನು ಈ ರಾಜ್ಯದ ಗಡಿ ದಾಟಬೇಕು. ಮತ್ತೆ ಇತ್ತ ತಲೆ ಹಾಕಬಾರದು.”

ಬೋರಮ್ಮ ಹುಟ್ಟಿದ್ದು ಆ ಊರಲ್ಲಿ. ಮದುವೆಯಾದದ್ದು ಆ ಊರಲ್ಲಿ. ಅವಳ ಮೂವರು ಮಕ್ಕಳು, ಹನ್ನೆರಡು ಕೋಳಿ, ಹೊಂಗೆ ಮರದ ಕೆಳಗಿನ ಮನೆ, ಎಲ್ಲ ಅಲ್ಲೇ. ಗಡಿಯಾಚೆ ಅವಳಿಗೆ ಯಾರ ಗುರುತೂ ಇಲ್ಲ. ಅಡುಗೆಮನೆಗೆ ಬಂದು ಒಲೆ ಮುಂದೆ ಕುಸಿದು ಕೂತಳು. ಒಂದಷ್ಟು ಅತ್ತಳು. ಆಮೇಲೆ ಸೆರಗಲ್ಲಿ ಮೂಗು ಒರೆಸಿಕೊಂಡು, ವಾಪಸ್ಸು ಬಂದಿದ್ದ ಕೋಳಿಯನ್ನು ಮುಂದೆ ಎಳೆದುಕೊಂಡಳು.

ಹೊಲಿಗೆ ನೋಡಿದಳು. ಅವಳದೇ. ಗಂಟು ನೋಡಿದಳು. ಅವಳದೇ. ಕೋಳಿಯನ್ನು ಮಗುಚಿದಳು. ಕುತ್ತಿಗೆಯ ಹತ್ತಿರ ಚರ್ಮವನ್ನು ಅವಳು ಯಾವಾಗಲೂ ಬಲಕ್ಕೆ ಮಡಚುತ್ತಿದ್ದಳು. ಅದು ಎಡಕ್ಕೆ ಮಡಚಿತ್ತು.

“ಓಹೋ,” ಅಂದಳು.

ಸುಟ್ಟ ಕೋಳಿಗೆ ಬಾಗಿಲು ಎರಡು, ಗೊತ್ತಾ? ಹಿಂದಿನದು ದೊಡ್ಡದು. ಅದನ್ನು ಎಲ್ಲರೂ ಹೊಲಿಯುತ್ತಾರೆ. ಕುತ್ತಿಗೆ ಕಡೆಯದು ಸಣ್ಣದು. ಅಲ್ಲಿ ಬರೀ ಚರ್ಮ ಮಡಚಿ ಬಿಡುತ್ತಾರೆ. ಪೂರ್ತಿ ಕೈ ಹೋಗಲ್ಲ. ಮೂರು ಬೆರಳು ಹೋಗುತ್ತವೆ. ಹಸಿದವನಿಗೆ ಮೂರು ಬೆರಳು ಸಾಕು.

ಕಳ್ಳ ಯಾರು ಅಂತ ಬೋರಮ್ಮನಿಗೆ ತಿಳಿಯಿತು. ಆದರೆ ತಿಳಿದರೆ ಆಯ್ತಾ? ಅವನು ಗುರಿಕಾರ, ಇವಳು ಅಡುಗೆಯವಳು. ಬಾಯಲ್ಲಿ ಹೇಳಿದರೆ ರಾಜ ಯಾರ ಮಾತು ನಂಬುತ್ತಾನೆ?

ಮೂರನೇ ಭಾನುವಾರ ಬಂತು. ಆವತ್ತು ಬೋರಮ್ಮನ ಕೆಲಸವೆಲ್ಲ ವಿಚಿತ್ರ. ಬೆಳಿಗ್ಗೆಯೇ ಒಂದು ಹಂಡೆ ನೀರಿಗೆ ಸುಣ್ಣ ಕದಡಿಟ್ಟಳು. ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿನೀರನ್ನು ಚೆಂಬಿಗೆ ಬಗ್ಗಿಸಿದಳು. ನೋಡಿದರೆ ಬಾವಿ ನೀರಿನ ಹಾಗೇ ಇತ್ತು. ಒಂದಲ್ಲ, ಎರಡು ಕೋಳಿ ತಂದಳು. ಒಂದರ ಹೊಟ್ಟೆಗೆ ಮೂರು ಹಿಡಿ ಅರಿಶಿನ ಕಲಸಿದ ಅನ್ನ ತುಂಬಿದಳು, ಅದೂ ಕೈಯಲ್ಲಿ ಅಲ್ಲ, ಮರದ ಸೌಟಿನಲ್ಲಿ. ಹೊರಗೆ ಮಾತ್ರ ಎಂದಿನ ಹಾಗೆ ತುಪ್ಪ, ಮೆಣಸು.

ಕೋಳಿ ಆ ಕೋಣೆಗೆ ಹೋಯಿತು. ಬಾಗಿಲು ಮುಚ್ಚಿತು. ಬಹಳ ಹೊತ್ತು ತೆಗೆಯಲಿಲ್ಲ. ಕೊನೆಗೂ ತೆಗೆಯಿತು. ಗುರಿಕಾರ ಕೈ ತೊಳೆದು, ಒರೆಸಿ, ಬೆರಳಿಗೆಲ್ಲ ಗಂಧ ಪೂಸಿಕೊಂಡು ಬಂದ. ಬೆರಳು ಹಳದಿಯಾಗಿದ್ದರೂ ಗಂಧ ಅಂದುಕೊಳ್ಳಬೇಕು, ಹಾಗೆ. ಅವನ ಹಿಂದೆ ಕೋಳಿ ಬಂತು.

ರಾಜ ಮುಟ್ಟಿದ. ಕೋಳಿ ಉಸಿರು ಬಿಟ್ಟ ಹಾಗೆ ಚಪ್ಪಟೆಯಾಯಿತು. ಮೂಳೆ ಮೇಲೆ ಹೊದಿಸಿದ ಚರ್ಮ, ಅಷ್ಟೇ.

“ಬೋರಮ್ಮ, ಗಂಟುಮೂಟೆ ಕಟ್ಟು,” ಅಂದ ರಾಜ.

“ಕಟ್ತೀನಿ ಬುದ್ಧಿ. ಇಷ್ಟು ವರ್ಷ ಈ ಮನೆಗೆ ಬೇಯಿಸಿ ಹಾಕಿದೀನಿ. ಹೋಗೋ ಮುಂಚೆ ನಿಮ್ಮೆಲ್ಲರ ಕೈಗೆ ಒಂದು ಸಲ ನೀರು ಹಾಕ್ತೀನಿ. ಅಷ್ಟು ನಡೆಸಿಕೊಡಿ.”

ರಾಜಮಾತೆಗೆ ಅಯ್ಯೋ ಅನಿಸಿತು. “ಹಾಕಲಿ ಬಿಡೋ.”

ಬೋರಮ್ಮ ಚೆಂಬು, ಹರಿವಾಣ ತಂದಳು. ರಾಜನ ಕೈಗೆ ಹಾಕಿದಳು. ಏನೂ ಆಗಲಿಲ್ಲ. ರಾಜಮಾತೆಯ ಕೈಗೆ ಹಾಕಿದಳು. ಏನೂ ಆಗಲಿಲ್ಲ. ಪುಟ್ಟಗೌರಿಯ ಕೈಗೆ ಹಾಕಿದಳು. ಏನೂ ಆಗಲಿಲ್ಲ. ರಾಣಿಯ ಕೈಗೆ ಹಾಕಿದಳು. ಅಂಗೈ ಪೂರ್ತಿ ತೆಳ್ಳಗೆ ಕೆಂಪೇರಿತು.

“ಗುರಿಕಾರರೇ, ನೀವೂ ಬನ್ನಿ. ನಿಮ್ಮ ಋಣವೂ ತೀರಲಿ.”

ಗುರಿಕಾರ ದೊಡ್ಡ ಮನಸ್ಸು ಮಾಡಿದವನ ಹಾಗೆ ಕೈ ಚಾಚಿದ. ನೀರು ಬಿತ್ತು. ಗಂಧ ಇಳಿದು ಹೋಯಿತು. ಬಲಗೈಯ ಮೂರು ಬೆರಳು ತುದಿಯಿಂದ ಬುಡದವರೆಗೆ ಆರತಿ ತಟ್ಟೆಯ ಓಕುಳಿಯ ಹಾಗೆ ಕೆಂಪಾದವು!

“ಸುಣ್ಣದ ನೀರು ಬುದ್ಧಿ,” ಅಂದಳು ಬೋರಮ್ಮ. “ಅರಿಶಿನಕ್ಕೆ ತಾಗಿದರೆ ಕೆಂಪಾಗುತ್ತೆ. ಆ ಕೋಳಿಗೆ ಅರಿಶಿನ ಹೊರಗೆಲ್ಲೂ ಹಾಕಿಲ್ಲ. ಹೊಟ್ಟೆಯೊಳಗೆ ಮಾತ್ರ. ನಾನು ಸೌಟಲ್ಲಿ ತುಂಬಿದೆ, ಕೈಯಲ್ಲಿ ಮುಟ್ಟಿಲ್ಲ. ನೋಡಿ ನನ್ನ ಕೈ.” ತನ್ನ ಕೈಗೂ ಸುರಿದುಕೊಂಡಳು. ಏನೂ ಆಗಲಿಲ್ಲ.

ಗುರಿಕಾರ ಕೂಗಿದ. “ಮೋಸ! ರಾಣಿಯವರ ಕೈಯೂ ಕೆಂಪಾಗಿದೆ! ಹಾಗಾದರೆ ಅವರೂ ಕಳ್ಳಿಯಾ?”

ರಾಣಿ ತಿರುಗಿ ನೋಡಿದಳು. “ನಾನು ಬೆಳಿಗ್ಗೆ ಅರಿಶಿನ ಹಚ್ಚಿಕೊಂಡು ಮಿಂದೆ. ನೀನೂ ಹಚ್ಚಿಕೊಂಡು ಮಿಂದೆಯಾ?”

“ಮಿಂದಿರಬೇಕು,” ಅಂದಳು ರಾಜಮಾತೆ. “ಮೂರೇ ಬೆರಳಿಗೆ ಅಭ್ಯಂಜನ ಆಗಿದೆ ಪಾಪ.”

ಬೋರಮ್ಮ ಕೋಳಿಯ ಕುತ್ತಿಗೆ ಚರ್ಮ ಎತ್ತಿ ತೂತು ತೋರಿಸಿದಳು. “ಗುರಿಕಾರರೇ, ಆ ಬೆರಳು ಇದರೊಳಗೆ ಇಟ್ಟು ನೋಡಿ. ಸರಿಯಾಗಿ ಕೂರುತ್ತಾ ಅಂತ.”

ಗುರಿಕಾರ ಇಡಲಿಲ್ಲ. ಅವನಿಗೆ ಆಗಲೇ ಒಂದು ತೇಗು ಬಂದುಬಿಟ್ಟಿತ್ತು. ಆ ತೇಗಿನಲ್ಲಿ ತುಪ್ಪ ಇತ್ತು, ಮೆಣಸಿತ್ತು, ಮಾಂಸ ಮುಟ್ಟದ ವ್ರತವೊಂದು ಇರಲಿಲ್ಲ.

ರಾಜ ತೀರ್ಪು ಕೊಟ್ಟ. “ನೀನು ಮೂಗಿನಲ್ಲೇ ಪರೀಕ್ಷೆ ಮಾಡುವವನು ಅಲ್ಲವೇ? ಇನ್ನು ಒಂದು ವರ್ಷ ಪ್ರತಿ ಭಾನುವಾರ ಬಂದು ಮೂಸು. ಮೂಸಿ, ಎಲ್ಲರಿಗೂ ಬಡಿಸಿ, ಮನೆಗೆ ಹೋಗಿ ಗಂಜಿ ಕುಡಿ.”

ನಡುವಿನ ಕೋಣೆಯ ಬಾಗಿಲನ್ನು ಕಿತ್ತು ಸೌದೆ ಮಾಡಿದರು. ಬೋರಮ್ಮನ ಹತ್ತಿರ ರಾಜ ತಲೆ ತಗ್ಗಿಸಿ ತಪ್ಪಾಯ್ತು ಅಂದ. ಅವಳು ಮಡಕೆಯಿಂದ ಎರಡನೇ ಕೋಳಿ ತೆಗೆದಳು. ಅದಕ್ಕೆ ಎರಡೂ ಬಾಗಿಲು ಹೊಲಿದಿದ್ದಳು. ರಾಜನ ಮನೆಯವರೆಲ್ಲ ಅಡುಗೆಮನೆಗೇ ಬಂದು ಒಲೆ ಸುತ್ತ ಕೂತರು. ರಾಜ ಹೊಲಿಗೆ ಬಿಚ್ಚಿದ. ಹಬೆ ಮುಖಕ್ಕೆ ಬಡಿಯಿತು. ಒಳಗೆ ಈಲಿ, ಈರುಳ್ಳಿ, ಕೊಬ್ಬರಿ, ಅನ್ನ, ಎರಡು ಮೊಟ್ಟೆ.

“ಅಬ್ಬಾ, ಇಷ್ಟೊಂದು ಇರುತ್ತಾ!” ಅಂದ. ಮೊಟ್ಟೆ ಒಂದು ಅವ್ವನಿಗೆ ಹೋಯಿತು. ಇನ್ನೊಂದಕ್ಕೆ ಅಪ್ಪ ಮಗಳು ಜಗಳವಾಡಿದರು. ಮಗಳು ಗೆದ್ದಳು.

ಇದರ ನೀತಿ ಇಷ್ಟು. ಇನ್ನೊಬ್ಬರ ಪಾಲು ತಿಂದು, ಬೆವರು ಸುರಿಸಿ ಬೇಯಿಸಿದವರ ಮೇಲೆ ತಪ್ಪು ಹೊರಿಸಬೇಡಿ. ಬಾಗಿಲು ಹಾಕಿಕೊಂಡವನು ಹೇಳಿದ್ದನ್ನು ಬಾಗಿಲು ತೆಗೆದು ನೋಡದೆ ನಂಬಬೇಡಿ.

ಈಗ ನಿಜ ಹೇಳಿಬಿಡ್ತೀನಿ, ಬೈಬಾರದು. ನನಗೆ ಈ ಕಥೆ ಹೇಳಿದವರು ಮೂರನೇ ಭಾನುವಾರವೂ ಹೊಟ್ಟೆ ಖಾಲಿ ಬಂತು, ಬೋರಮ್ಮ ಅಳುತ್ತಾ ಗಡಿ ದಾಟಿದಳು, ಮುಗೀತು, ಎದ್ದು ಹೋಗು ಅಂದಿದ್ದರು. ನಾನು ಏಳಲಿಲ್ಲ. ಅವಳನ್ನು ಹಾಗೆ ಕಳಿಸಿಬಿಡೋಕೆ ನನಗೆ ಮನಸ್ಸು ಬರಲಿಲ್ಲ. ಹಾಗಾಗಿ ಸುಣ್ಣದ ಹಂಡೆಯಿಂದ ಮುಂದಿನದೆಲ್ಲ ನಾನೇ ಕಟ್ಟಿದ್ದು. ತೇಗು ಕೂಡ ನನ್ನದೇ.

ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತೆ ಅನ್ನೋದು ಮಾತ್ರ ಕಟ್ಟುಕಥೆ ಅಲ್ಲ. ಬೇಕಾದರೆ ಮನೆಯಲ್ಲಿ ಮಾಡಿ ನೋಡಿ. ಅಮ್ಮನ ಬಿಳಿ ಸೀರೆ ಮೇಲೆ ಬೇಡ. ಹೋಗಲ್ಲ ಅದು, ಎಷ್ಟು ತಿಕ್ಕಿದರೂ.