ಬಾಣಸಿಗನ ಎಲೆ

"ಗುರುಗಳೇ, ರಕ್ತವು ಶ್ವಾಸಕೋಶದಲ್ಲಿ ಪ್ರಾಣವಾಯುವನ್ನು ಹೊತ್ತುಕೊಂಡು ಹೃದಯಕ್ಕೆ ಬರುತ್ತದೆ, ಹೃದಯ ಅದನ್ನು ಮೈಗೆಲ್ಲ ಕಳುಹಿಸುತ್ತದೆ ಎಂದು ತಾವೇ ಕಲಿಸಿದಿರಿ. ಸದಾ ರಕ್ತ ತುಂಬಿರುವ ಹೃದಯವೇ ಪ್ರಾಣವಾಯು ಸಾಲದೆ ನಿಂತುಹೋಗುವುದು ಹೇಗೆ?"

ಕೇಳಿದವನು ವೈದ್ಯ ಗುರುವಿನ ಶಿಷ್ಯ. ಊರಿನಲ್ಲಿ ಜ್ವರ ಹಬ್ಬಿತ್ತು. ಬೆಳಗಿನಿಂದ ರೋಗಿಗಳಿಗೆ ಗಂಜಿ ಕುಡಿಸುತ್ತಿದ್ದ ಅವನು ತಾನು ಏನನ್ನೂ ಮುಟ್ಟಿರಲಿಲ್ಲ. ಸಹಪಾಠಿ ಗಂಜಿ ತಂದಾಗ, "ನಾನು ಕೊಡಲು ಬಂದವನು, ತೆಗೆದುಕೊಳ್ಳಲು ಅಲ್ಲ" ಎಂದು ಮುಖ ತಿರುಗಿಸಿದ್ದ. ಆ ಬಟ್ಟಲು ಪಕ್ಕದಲ್ಲೇ ಆರಿಹೋಗಿತ್ತು.

ಗುರುಗಳು ಬಟ್ಟಲನ್ನೊಮ್ಮೆ ನೋಡಿ ಕತೆ ಹೇಳಿದರು.

ಒಂದು ಅನ್ನಛತ್ರದಲ್ಲಿ ಒಬ್ಬ ಬಾಣಸಿಗನಿದ್ದ. ದಾರಿಹೋಕರು, ಬಡವರು, ಮುದುಕರು, ಎಲ್ಲರೂ ಅವನ ಹಂಡೆಯ ಅನ್ನ ಉಂಡೇ ಬದುಕುತ್ತಿದ್ದರು. ಆ ಛತ್ರದಲ್ಲಿ ಯಾರೂ ತನಗೆ ತಾನೇ ಬಡಿಸಿಕೊಳ್ಳುವಂತಿರಲಿಲ್ಲ. ಬಾಣಸಿಗನಿಗೂ ಅದೇ ಕಟ್ಟಳೆ. ಆದರೆ ಅಡುಗೆಮನೆ ದಾಟಿದ ಅನ್ನದ ಮೊದಲ ಸೌಟು ಅವನ ಎಲೆಗೇ ಬೀಳುತ್ತಿತ್ತು. ಒಂದು ಪಂಕ್ತಿ ಏಳುವ, ಇನ್ನೊಂದು ಕೂರುವ ನಡುವಣ ಬಿಡುವಿನಲ್ಲಿ ಅವನು ಬಾಗಿಲ ಬಳಿ ಕುಳಿತು ಉಣ್ಣುತ್ತಿದ್ದ. ಅವನಿಗೆ ಬಡಿಸುತ್ತಿದ್ದವನು ಒಬ್ಬ ಮುದುಕ.

ಒಂದು ದಿನ ಮುದುಕನ ಕೈ ನಡುಗಿ ಸಾರು ಬಾಣಸಿಗನ ಪಂಚೆಯ ಮೇಲೆ ಚೆಲ್ಲಿತು. ಊರಿಗೆಲ್ಲ ಉಣಿಸುವವನು ನಾನು, ಇಂಥ ಕೈಗೆ ನಾನು ಕಾಯಬೇಕೆ, ಎಂದುಕೊಂಡ ಬಾಣಸಿಗ ತನ್ನ ಎಲೆಯನ್ನು ತಾನೇ ಎತ್ತಿಬಿಟ್ಟ. ಅಂದಿನಿಂದ ಬಿಡುವಿನಲ್ಲೂ ಒಲೆಯ ಮುಂದೆಯೇ ನಿಂತ. ಕಟ್ಟಳೆ ಮುರಿಯಲು ಅಭಿಮಾನ ಬಿಡಲಿಲ್ಲ, ಮತ್ತೆ ಎಲೆ ಹಾಸಲೂ ಬಿಡಲಿಲ್ಲ. ಅನ್ನದ ಹಬೆಯಲ್ಲೇ ಹೊಟ್ಟೆ ತುಂಬಿತೆಂದು ನಂಬಿಕೊಂಡ.

ಒಂದು ಮಧ್ಯಾಹ್ನ ಪಂಕ್ತಿ ಕುಳಿತಿದ್ದಾಗ ಸೌಟು ಅವನ ಕೈಯಿಂದ ಜಾರಿತು. ತುಂಬಿದ ಹಂಡೆಯ ಪಕ್ಕದಲ್ಲೇ ಅವನು ಕುಸಿದ. ಹೊರಗೆ ಎಲೆಗಳೆಲ್ಲ ಬರಿದಾಗಿಯೇ ಉಳಿದವು. ಮಕ್ಕಳು ಅಳತೊಡಗಿದವು.

ಮುದುಕ ಬಂದು ಅವನ ಮುಂದೆ ಎಲೆ ಹಾಸಿ ಅನ್ನ ಬಡಿಸಿದ.

"ನಿನ್ನ ಕೈ ನಡುಗುತ್ತದಲ್ಲಯ್ಯಾ" ಎಂದ ಬಾಣಸಿಗ, ಆಗಲೂ.

"ಈಗ ನಿಮ್ಮದೂ ನಡುಗುತ್ತಿದೆ, ಸ್ವಾಮಿ. ಅಲ್ಲಿಗಲ್ಲಿಗೆ ಸರಿಹೋಯಿತು. ಉಣ್ಣಿ."

ಬಾಣಸಿಗ ಉಂಡ. ಮೊದಲ ತುತ್ತು ಇಳಿಯುವಾಗ ಕಣ್ಣು ತುಂಬಿತು. ಇಷ್ಟು ವರ್ಷ ಉಣಿಸಿ ತನ್ನನ್ನು ಕಾಲ ಮೇಲೆ ನಿಲ್ಲಿಸಿದ ಕೈ ಇದು ಎಂದು ಅರಿತು, ಆ ನಡುಗುವ ಕೈಯನ್ನು ಕಣ್ಣಿಗೊತ್ತಿಕೊಂಡ. ಆಮೇಲೆ ಎದ್ದು ಸೌಟು ಹಿಡಿದ. ಕಡೆಯ ಎಲೆಯವರೆಗೂ ಅನ್ನ ಹೋಯಿತು.

"ಹೃದಯವೂ ಆ ಬಾಣಸಿಗನ ಹಾಗೆಯೇ" ಎಂದರು ಗುರುಗಳು. "ಒಳಗೆ ತುಂಬಿದ ರಕ್ತ ಅದರ ದಪ್ಪ ಗೋಡೆಯ ಹಸಿವು ತೀರಿಸದು. ಹೊರಟ ರಕ್ತದ ಮೊದಲ ಕವಲು ಅದರ ಬಳಿಗೇ ಮರಳಿ, ಎರಡು ಬಡಿತಗಳ ನಡುವಣ ಬಿಡುವಿನಲ್ಲಿ ಅದಕ್ಕೆ ಪ್ರಾಣವಾಯುವನ್ನು ಬಡಿಸುತ್ತದೆ. ಆ ಸಣ್ಣ ನಾಳ ಮುಚ್ಚಿದರೆ ತುಂಬಿದ ಹೃದಯವೂ ಹಸಿದು ನಿಲ್ಲುತ್ತದೆ."

"ತಿಳಿಯಿತು, ಗುರುಗಳೇ" ಎಂದು ಶಿಷ್ಯ ರೋಗಿಗಳ ಕಡೆಗೆ ಹೋಗಲು ಎದ್ದ.

"ಮಗು, ನಿನ್ನ ಎಲೆಯನ್ನು ಎತ್ತಿದವರು ಯಾರು?"

ಶಿಷ್ಯ ಮತ್ತೆ ಕುಳಿತು, ಆರಿದ ಗಂಜಿಯ ಬಟ್ಟಲನ್ನು ಕೈಗೆತ್ತಿಕೊಂಡ.