ರುಚಿ ನೋಡುವ ಚಿಲುಮೆ

"ರೇವಣಜ್ಜನ ಗುಡಿಸಲಿಗೆ ದಾರಿ ಯಾವುದಬೇ ಯಕ್ಕಾ?"

ಸಾತವ್ವ ಹೀಗೆ ಕೇಳುವ ಹೊತ್ತಿಗೆ, ಸುತ್ತಿ ಸುತ್ತಿ ಮತ್ತೆ ಅದೇ ಹುಣಸೆಮರದ ಬುಡಕ್ಕೆ ಬಂದು ನಿಂತಿದ್ದಳು. ರಂಗೂನಿನ ಸಂದಿಗೊಂದಿಗಳಲ್ಲಿ, ಬಸ್ರಾದ ಪೇಟೆಯಲ್ಲಿ ದಾರಿ ತಪ್ಪದ ಹೆಂಗಸು, ತಾನು ಈಜು ಕಲಿತ ಹೊಳೆಯ ದಂಡೆಯಲ್ಲಿ ದಿಕ್ಕು ತಪ್ಪಿದ್ದಳು.

ಎಮ್ಮೆಯ ಮೈ ತಿಕ್ಕುತ್ತಿದ್ದ ಮುದುಕಿ ತಲೆ ಎತ್ತಲಿಲ್ಲ.

"ವಾಸನಿ ಹಿಡಕೊಂಡು ಹೋಗು ತಂಗಿ. ಅಜ್ಜ ಮುಂಜಾನಿಂದ ಕೆಂಡದ ಮ್ಯಾಲ ಹೊಗೆಸೊಪ್ಪು ಇಟ್ಟು ಮೂಸಾಕಹತ್ಯಾನ."

"ನನಗೇನೂ ವಾಸನಿ ಬರವಲ್ದು."

"ಹೆಂಗ ಬರಬೇಕು? ಮೂಗಿನ ಮುಂದ ಒಲಿ ಹಚ್ಚಿಕೊಂಡು ನಿಂತೀಯಲ್ಲ!"

ಸಾತವ್ವ ನಕ್ಕು ಕೈಯಲ್ಲಿ ಹೊಗೆಯಾಡುತ್ತಿದ್ದ ಚಿಲುಮೆಯನ್ನು ಅಂಗೈಯಿಂದ ಮುಚ್ಚಿ ಆರಿಸಿದಳು. ಗಾಳಿ ತಿರುಗಿತು. ಬಂತು, ಆ ಘಾಟು! ಅವಳು ಅರ್ಧ ದಾರಿ ಓಡಿಯೇ ಹೋದಳು.

ಆ ಚಿಲುಮೆ ಅವಳದಲ್ಲ. ಬೇರೆ ಬೇರೆ ಎಲೆ ಬೆರೆಸಿ ಹೊಗೆಸೊಪ್ಪಿನ ಹದ ಕೂಡಿಸುವುದನ್ನು ಕಲಿಸಿದ ಅಜ್ಜ, ಅವಳು ಊರು ಬಿಟ್ಟ ದಿನ ತಾನು ಸೇದುತ್ತಿದ್ದುದನ್ನೇ ಕೊಟ್ಟಿದ್ದ.

"ಇದು ಕಡ, ಸಾತವ್ವಾ. ನಿಂದು ಅನ್ನೂವಂಥ ಹದ ಒಂದು ಕೂಡಿಸಿದ ದಿನ ತಂದು ಕೊಡು. ಅಲ್ಲೀತನಕ ನನ್ನ ಶಿಷ್ಯಳು ಅಂತ ಎಲ್ಲೂ ಹೇಳಬ್ಯಾಡ."

ಹೇಳಿರಲಿಲ್ಲ. ನಾಲಿಗೆ ತುರಿಸಿದ್ದುಂಟು, ಆದರೂ ಹೇಳಿರಲಿಲ್ಲ. ಇವತ್ತು ಹೇಳುವುದಕ್ಕೇ ಬಂದಿದ್ದಳು.

ಅಜ್ಜ ಬೆಂಕಿಯ ಮುಂದೆ ಕೂತಿದ್ದ.

"ಬಂದ್ಯಾ?"

"ಬಂದೆ ಅಜ್ಜಾರ! ತಂದೀನಿ!"

ಉಸಿರು ತಿರುಗುವ ಮೊದಲೇ ಡಬ್ಬಿ ಬಿಚ್ಚಿದಳು.

"ಇದು ನಮ್ಮ ಕಡೀ ಕರಿ ಎಲಿ. ಇದು ತುರ್ಕರ ದೇಶದ್ದು, ಬಿಸಲಾಗ ಒಣಗಿಸಿದ್ದು. ಎರಡೂ ಅಂಜೂರದ ರಸದಾಗ ನೆನಸೀನಿ. ಸೇದಿದರ ಮೊದಲ ಬೆಲ್ಲ, ನಡುವ ಮಣ್ಣು, ಕಡೀಕ ಮಳಿ ಬರೂಕಿಂತ ಮೊದಲಿನ ಗಾಳಿ!"

"ಗಾಳಿನೂ ಡಬ್ಯಾಗ ಹಾಕ್ಕೊಂಡು ಬಂದೀಯಾ?"

ಅವಳು ಚಿಲುಮೆ ತುಂಬಿ ಮುಂದೆ ಹಿಡಿದಳು. ಅಜ್ಜ ಕೈ ಚಾಚಲಿಲ್ಲ. ಪಕ್ಕದ ಬುಟ್ಟಿಯಿಂದ ಹೊಸ ಮಣ್ಣಿನ ಚಿಲುಮೆಯೊಂದನ್ನು ತೆಗೆದು ಅವಳ ಮುಂದಿಟ್ಟ.

ಆ ದಂಡೆಯ ರಿವಾಜು ಅದು. ಒಂದು ಹದಕ್ಕೆ ಒಂದು ಹೊಸ ಚಿಲುಮೆ. ರುಚಿ ನೋಡಿದ ಮೇಲೆ ಒಡೆದು ಹೊಳೆಗೆ. ಸಾತವ್ವನ ಕಾಲ ಕೆಳಗೆಲ್ಲ ಸಿಡಿದು ಉಳಿದ ಅವೇ ಚೂರುಗಳು ಕರಕರ ಎನ್ನುತ್ತಿದ್ದವು.

"ನಾ ಮರ್ತಿಲ್ರಿ. ಪರದೇಶದಾಗ ದಿನಾ ಒಬ್ಬ ಕುಂಬಾರನ್ನ ಎಲ್ಲಿಂದ ತರಲಿ? ಎಲ್ಲಾ ಇದರಾಗ ಸೇದಿ ನೋಡೀನಿ."

"ಹೌದಾ? ಈಗ ಇದರಾಗ ಸೇದು."

ಸೇದಿದಳು. ಬೆಲ್ಲವಿಲ್ಲ. ಮಣ್ಣಿಲ್ಲ. ಹಸಿ ಹುಲ್ಲು ಸುಟ್ಟ ಹಾಗೆ ನಾಲಿಗೆ ಚುರ್ರೆಂದಿತು.

"ಇದು ನಂದಲ್ಲ!"

"ಡಬ್ಬಿ ನಿಂದಲ್ಲೇನು?"

ಇನ್ನೊಂದು ದಮ್ಮು ಎಳೆದಳು. ಅದೇ ಸುಟ್ಟ ಹುಲ್ಲು. ಏನೋ ಹೊಳೆದವಳಂತೆ ಹಳೆಯ ಚಿಲುಮೆಯನ್ನು ಕೊಡವಿ, ಬರಿದು ಮಾಡಿ, ಬೆಂಕಿಯಿಲ್ಲದೆ ತುಟಿಗಿಟ್ಟು ಎಳೆದಳು.

ಬೆಲ್ಲ. ಮಣ್ಣು. ಮಳೆ ಬರುವುದಕ್ಕಿಂತ ಮೊದಲಿನ ಗಾಳಿ.

"ಇಷ್ಟು ದೇಶ ತಿರುಗಿ ನಾ ಸೇದಿದ್ದು ನಿಮ್ಮನ್ನ ಏನ್ರಿ, ಅಜ್ಜಾರ?"

"ಆ ಮಣ್ಣು ಕುಡದ ರುಚಿ ನಂದೂ ಅಲ್ಲವ್ವ. ನನ್ನ ಗುರುವಿಂದೋ, ಅವನ ಗುರುವಿಂದೋ. ಯಾರು ಕಂಡಾರ?"

ಬೇರೆ ಯಾರಾದರೂ ಆಗಿದ್ದರೆ ಅತ್ತುಬಿಡುತ್ತಿದ್ದರು. ಸಾತವ್ವ ಸೆರಗು ಬಿಗಿದಳು. ಅವಳ ಕಣ್ಣು ಹೊಳೆಯುತ್ತಿದ್ದವು. ತನ್ನ ನಾಲಿಗೆ ಇಷ್ಟು ನಿಚ್ಚಳವಾಗಿ ಮಾತಾಡಿದ್ದನ್ನು ಅವಳು ಎಂದೂ ಕೇಳಿರಲಿಲ್ಲ.

"ತಡೀರಿ, ತಡೀರಿ! ತುರ್ಕರದು ಮುಂದ ಓಡತೈತಿ, ನಮ್ಮ ಎಲಿ ಹಿಂದ ಉಳೀತೈತಿ. ನಡುವ ಯಾರೂ ಇಲ್ಲ! ಮ್ಯಾಲ ಈ ಅಂಜೂರ ಒಂದು, ಮದಿವ್ಯಾಗ ಕರೀದನ ಬಂದ ಬೀಗರಂಗ!"

ಅಂಜೂರದಲ್ಲಿ ನೆನೆದದ್ದನ್ನೆಲ್ಲ ಹೊಳೆಗೆ ಸುರಿದಳು. ಗಂಟಿನಿಂದ ಒಣ ಎಲೆಗಳನ್ನು ತೆಗೆದು, ಕರಿ ಎಲೆಯನ್ನು ಅಜ್ಜನ ಕೆಂಡದ ಮೇಲೆ ಹೊರಳಿಸಿ ಹೊರಳಿಸಿ ಬಾಡಿಸಿದಳು. ತಿಕ್ಕಿದಳು. ಕೂಡಿಸಿದಳು. ಹೊಸ ಚಿಲುಮೆ ತುಂಬಿ ಸೇದಿ, ಉಗಿದು, ಒಡೆದಳು. ಮತ್ತೊಂದು. ಅದೂ ಒಡೆಯಿತು.

"ಬುಟ್ಟಿ ಬರಿದಾಗಾಕಹತ್ತೇತಿ," ಅಂದ ಅಜ್ಜ.

"ಆಗಲೇಳ್ರಿ!"

"ಕುಂಬಾರ ಬೈತಾನ."

"ಬೈಲೇಳ್ರಿ!"

ಎಮ್ಮೆಯ ಮುದುಕಿ ಮನೆಗೆ ಹೊರಟವಳು, ಏನಿದು ಗದ್ದಲ ಎಂದು ಒಮ್ಮೆ ಇಣುಕಿ ಹೋದಳು. ಬುಟ್ಟಿಯ ತಳ ಕಾಣತೊಡಗಿತ್ತು. ಆಗ ಸಾತವ್ವ ಒಂದು ದಮ್ಮು ಎಳೆದು, ಹೊಗೆ ಬಿಡದೆ ಹಾಗೇ ಕೂತಳು. ಆಮೇಲೆ ನೆಗೆದೆದ್ದಳು.

"ಕಹಿ ಐತಿ ಅಜ್ಜಾರ! ಹೌದ್ರಿ, ಕಹೀನ! ಆದರ ನಾಲಿಗಿ ಮ್ಯಾಲ ಕಾಲೂರಿ ನಿಂತೈತಿ ನೋಡ್ರಿ, ಓಡಿ ಹೋಗವಲ್ದು! ಇಂಥಾದ್ದು ನಾ ಎಲ್ಲೂ ಸೇದಿಲ್ಲ!"

ಅಜ್ಜ ಕೈ ಚಾಚಿದ. ಸೇದಿದ. ಅವನ ಕಣ್ಣು ಮುಚ್ಚಿದವು.

"ಯಾರ ಶಿಷ್ಯಳವ್ವಾ ನೀ?"

ಊರೂರಿನಲ್ಲಿ ನುಂಗಿಕೊಂಡಿದ್ದ ಮಾತು ಹೊರಗೆ ಬಂದಾಗ ಪಿಸುಮಾತಾಗಿತ್ತು.

"ರೇವಣಜ್ಜನ ಶಿಷ್ಯಳ್ರಿ."

ಅವಳು ಹಳೆಯ ಚಿಲುಮೆಯನ್ನು ಸೆರಗಿನಿಂದ ಒರೆಸಿ, ಎರಡೂ ಕೈಯಿಂದ ಅವನ ಅಂಗೈಯಲ್ಲಿಟ್ಟಳು.

"ನಿಮ್ಮ ಕಡ ಮುಟ್ಟಿತ್ರಿ."

ಅಜ್ಜ ಅದನ್ನು ಕಣ್ಣಿಗೊತ್ತಿಕೊಂಡ. ಆಮೇಲೆ ಪಕ್ಕದ ಕಲ್ಲಿಗೆ ಬಡಿದ. ಚೂರುಗಳನ್ನು ಬಳಿದು ಹೊಳೆಗೆ ಎಸೆದ.

"ಅಯ್ಯಯ್ಯೋ ಅಜ್ಜಾರ! ಸಮುದ್ರ ದಾಟಿ, ಬಟ್ಟ್ಯಾಗ ಸುತ್ತಿ, ಒಂದು ಬಿರುಕು ಬೀಳಗೊಡದಂಗ ತಂದಿದ್ನಲ್ಲ!"

ಬುಟ್ಟಿಯಲ್ಲಿ ಒಂದು ಚಿಲುಮೆ ಉಳಿದಿತ್ತು. ಅಜ್ಜ ಅವಳು ಕೂಡಿಸಿದ್ದನ್ನು ಅದಕ್ಕೆ ತುಂಬಿ, ಮೇಲೊಂದು ಕೆಂಡ ಇಟ್ಟ.

"ರುಚಿ ನೋಡಿದ್ದಾತು, ಸಾತವ್ವಾ. ಬಾ, ಈಗ ಸೇದೋಣು."